ನಲ್ಲಿಯ ಹಿಂದಿನ ಹಗ್ಗ

(ವಿದ್ಯಾರ್ಥಿಗಳ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಬೆಂಗಳೂರಿನ ಉತ್ತರದಲ್ಲಿ, ಯಲಹಂಕಕ್ಕೂ ಜಾಲಹಳ್ಳಿಗೂ ನಡುವೆ, ವಿದ್ಯಾರಣ್ಯಪುರದ ಮಗ್ಗುಲಲ್ಲಿ ಸಿಂಗಾಪುರ ಎಂಬ ಊರೊಂದಿದೆ. ಹೆಸರು ಕೇಳಿದೊಡನೆ ಕಡಲಾಚೆಯ ಶ್ರೀಮಂತ ನಗರ ನೆನಪಾಗುವುದು ಸಹಜ. ಆದರೆ ಇದು ಕೆರೆಯೊಂದನ್ನು ಆಧರಿಸಿ ಬದುಕಿದ ಬಯಲುಸೀಮೆಯ ಹಳ್ಳಿ. ಅದರ ಕೆರೆ ಇಂದಿಗೂ ಇದೆ. ಕೆರೆಯ ಸುತ್ತ ಹೊಲಗಳಿದ್ದ ಜಾಗದಲ್ಲಿ ಈಗ ಬಡಾವಣೆಗಳಿವೆ, ಬಹುಮಹಡಿ ವಸತಿ ಸಮುಚ್ಚಯಗಳಿವೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ನಗರದಂಚಿನ 110 ಹಳ್ಳಿಗಳು ಮಹಾನಗರದೊಳಗೆ ಸೇರಿದವು. 2025ರಲ್ಲಿ ಆ ಪಾಲಿಕೆಯೂ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಬಂದಿವೆ. ಹಳ್ಳಿಗಳು ನಗರವಾದವು, ಆದರೆ ನಗರದ ನೀರು ಹದಿನೇಳು ವರ್ಷಗಳ ಕಾಲ ಆ ಅಂಚಿಗೆ ಸರಿಯಾಗಿ ಬರಲಿಲ್ಲ.

ಮಲೆನಾಡಿನ ಶಿಬಿರದಲ್ಲಿ ಬೆಂಗಳೂರಿನ ಒಂದು ಮೂಲೆಯ ಮಾತೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ಅದಕ್ಕೆ ಉತ್ತರ ಶರಾವತಿಯ ದಂಡೆಯಲ್ಲಿದೆ, ಮುಂದೆ ಬರುತ್ತದೆ. ಶಿಬಿರದ ಚರ್ಚೆಗೆ ಇಟ್ಟಿರುವ ಪ್ರಶ್ನೆ ಇದು: ದಿನಬಳಕೆಯ ಆಧುನಿಕ ತಂತ್ರಜ್ಞಾನ ಹಳೆಯ ಪದ್ಧತಿಗಳಿಗಿಂತ ನಿಜವಾಗಿಯೂ ಹೆಚ್ಚು ಅನುಕೂಲವೇ? ಪ್ರಶ್ನೆಯನ್ನು ಹೀಗೆ ಗಾಳಿಯಲ್ಲಿ ಬಿಟ್ಟರೆ ವಾದ ಎಲ್ಲಿಗೂ ಮುಟ್ಟುವುದಿಲ್ಲ. ಒಬ್ಬರು ಮಿಕ್ಸಿಯನ್ನು ಹೊಗಳುತ್ತಾರೆ, ಇನ್ನೊಬ್ಬರು ಒರಳಿನ ಚಟ್ನಿಯ ರುಚಿಯನ್ನು ಹೊಗಳುತ್ತಾರೆ, ಅಷ್ಟರಲ್ಲಿ ಊಟದ ಗಂಟೆ ಬಾರಿಸುತ್ತದೆ. ಆದ್ದರಿಂದ ಒಂದೇ ಒಂದು ವಸ್ತುವನ್ನು ಹಿಡಿದು ಅದರ ಬಾಲದ ತುದಿಯವರೆಗೆ ಹೋಗಿ ನೋಡುವುದು ಮೇಲು. ಆ ವಸ್ತು ಮನೆಯ ನಲ್ಲಿ.

ನಲ್ಲಿಗಿಂತ ಅನುಕೂಲವಾದ ಸಾಧನ ಇನ್ನಾವುದಿದೆ? ಎರಡು ಬೆರಳಿನಿಂದ ತಿರುಗಿಸಿದರೆ ನೀರು ಬೀಳುತ್ತದೆ. ಬೆಳಗಿನ ಜಾವ ಎದ್ದು ಬಾವಿಕಟ್ಟೆಗೆ ಹೋಗುವಂತಿಲ್ಲ, ರಾಟೆಯ ಕಿರಗುಟ್ಟುವಿಕೆ ಇಲ್ಲ, ಅಂಗೈಯಲ್ಲಿ ಹಗ್ಗದ ಗೆರೆಗಳಿಲ್ಲ, ಸೊಂಟದ ಮೇಲೆ ಕೊಡವಿಲ್ಲ. ಹಳೆಯದನ್ನು ಹೊಗಳುವವರು ಈ ಕೊಡದ ಭಾರವನ್ನು ಮರೆಯಬಾರದು. ಆ ಕೊಡ ಯಾವಾಗಲೂ ಹೆಂಗಸಿನ ಸೊಂಟದ ಮೇಲೆಯೇ ಇತ್ತು. ಬಾವಿಕಟ್ಟೆಯ ಮಾತುಕತೆಯ ಸೊಗಸನ್ನು ಬಣ್ಣಿಸಿದ ಗಂಡಸರಲ್ಲಿ ಎಷ್ಟು ಮಂದಿ ದಿನಕ್ಕೆ ಇಪ್ಪತ್ತು ಕೊಡ ಸೇದಿದ್ದರು ಎಂಬುದು ಕೇಳಬೇಕಾದ ಮಾತು.

ಇನ್ನೂ ಒಂದನ್ನು ಮರೆಯಬಾರದು. ಊರಬಾವಿ ಊರಿನ ಎಲ್ಲರದ್ದೂ ಆಗಿರಲಿಲ್ಲ. ದಲಿತ ಕೇರಿಯ ಹೆಂಗಸು ಬಾವಿಯಿಂದ ದೂರ ನಿಂತು, ಯಾರಾದರೂ ಸೇದಿ ಹೊಯ್ಯಲಿ ಎಂದು ಕಾಯಬೇಕಿತ್ತು. 1927ರಲ್ಲಿ ಡಾ. ಅಂಬೇಡ್ಕರರು ಮಹಾಡದ ಚವದಾರ್ ಕೆರೆಯ ನೀರನ್ನು ಸಾವಿರಾರು ಜನರೊಡನೆ ಕುಡಿದದ್ದು ಈ ದೇಶದ ಚರಿತ್ರೆಯಲ್ಲಿ ದೊಡ್ಡ ಘಟನೆಯಾಯಿತೆಂದರೆ, ಹಳೆಯ ನೀರಿನ ವ್ಯವಸ್ಥೆ ಎಂಥದಿತ್ತೆಂಬುದು ಅದರಿಂದಲೇ ತಿಳಿಯುತ್ತದೆ. ಮನೆಯ ನಲ್ಲಿ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಇದು ಬರಿಯ ಅನುಕೂಲವಲ್ಲ, ಮಾನದ ಪ್ರಶ್ನೆ. ಹಳೆಯ ಕಾಲಕ್ಕೆ ಮರಳಬೇಕೆಂದು ಕರೆ ಕೊಡುವ ಯಾವುದೇ ಪರಿಸರ ಚಳವಳಿ ಈ ಮಾತಿಗೆ ಮೊದಲು ಉತ್ತರ ಕೊಡಬೇಕಾಗುತ್ತದೆ.

ಇಷ್ಟನ್ನು ಒಪ್ಪಿಕೊಂಡ ಮೇಲೆ, ನಲ್ಲಿಯ ಹಿಂದೆ ಏನಿದೆ ಎಂದು ನೋಡಬಹುದು.

ಸಿಂಗಾಪುರದ ಸೀಮೆಯಲ್ಲಿ ಜೀವನದಿ ಇಲ್ಲ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಪಶ್ಚಿಮಕ್ಕೆ ದೊಡ್ಡಬಳ್ಳಾಪುರ, ಹೆಸರಘಟ್ಟಗಳ ಕಡೆಗೆ ಹರಿಯುತ್ತದೆ, ಅದೂ ಮಳೆಯ ನದಿ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ದಿಬ್ಬದ ಮೇಲೆ ಬಿದ್ದ ಮಳೆಯನ್ನು ಹಿಡಿದಿಡಲು ಹಿಂದಿನವರು ಕಂಡುಕೊಂಡ ಉಪಾಯ ಕೆರೆಗಳ ಸರಣಿ. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ತೂಬನ್ನು ತೆರೆದು ಮುಚ್ಚಲು ನೀರಗಂಟಿ. ಬೇಸಿಗೆಯಲ್ಲಿ ಹೂಳೆತ್ತಿ ಹೊಲಕ್ಕೆ ಹಾಕುವ ವಾಡಿಕೆ. ಕೆರೆ ತುಂಬಿದರೆ ಕೆಳಗಿನ ತೆರೆದ ಬಾವಿಗಳಲ್ಲಿ ನೀರು ನಿಲ್ಲುತ್ತಿತ್ತು, ಏಕೆಂದರೆ ಗಟ್ಟಿ ಬಂಡೆಯ ಮೇಲಿನ ಸಡಿಲ ಮಣ್ಣಿನ ಪದರವೇ ಇಲ್ಲಿನ ನೀರಿನ ಕಣಜ. ಕುಡಿಯಲು ಸೇದುವ ಬಾವಿ, ತೋಟಕ್ಕೆ ಏತ ಅಥವಾ ಕಪಿಲೆ.

ಈ ಏರ್ಪಾಡಿನಲ್ಲಿ ದೋಷವಿರಲಿಲ್ಲವೆಂದಲ್ಲ. 1876-78ರ ಬರದಲ್ಲಿ ಮೈಸೂರು ಸಂಸ್ಥಾನದ ಕೆರೆಗಳು ಜನರನ್ನು ಕಾಪಾಡಲಾಗಲಿಲ್ಲ, ಲಕ್ಷಾಂತರ ಮಂದಿ ಸತ್ತರು. ಬರದ ಈ ಅನುಭವದ ನಂತರವೇ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಹೆಸರಘಟ್ಟದ ಬಳಿ ಅರ್ಕಾವತಿಗೆ ಅಡ್ಡವಿದ್ದ ಕೆರೆಯನ್ನು ದೊಡ್ಡದಾಗಿಸಿ, ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳನ್ನಿಟ್ಟು ಬೆಂಗಳೂರಿಗೆ ಕೊಳವೆಯಲ್ಲಿ ನೀರು ಹಾಯಿಸಿದರು. 1890ರ ದಶಕದ ಮಧ್ಯಭಾಗದಲ್ಲಿ ನಡೆದ ಈ ಕೆಲಸದ ಹೆಸರು ಚಾಮರಾಜೇಂದ್ರ ವಾಟರ್ ವರ್ಕ್ಸ್. ನಗರದ ಮೊದಲ ಕೊಳವೆ ನೀರು ಬಂದದ್ದು ಉತ್ತರದಿಂದ, ಸಿಂಗಾಪುರದಿಂದ ಹೆಚ್ಚು ದೂರವಿಲ್ಲದ ಸೀಮೆಯಿಂದ.

ಕೊಳವೆ ಬಂದ ಮೇಲೆ ಪೇಟೆಯ ಕೆರೆಗಳಿಗೆ ಏನಾಯಿತು? ಕುಡಿಯುವ ನೀರು ಕೊಡುತ್ತಿದ್ದಾಗ ಕೆರೆಗೆ ಕಾವಲಿತ್ತು, ಕಾಲುವೆಯಲ್ಲಿ ಕಸ ಹಾಕಿದರೆ ಕೇಳುವವರಿದ್ದರು. ನೀರು ಬೇರೆಡೆಯಿಂದ ಬರತೊಡಗಿದಾಗ ಕೆರೆ ಎಂಬುದು ಜನರ ಕಣ್ಣಿನಲ್ಲಿ ಖಾಲಿ ಜಾಗವಾಯಿತು. ಪೇಟೆಗೆ ನೀರುಣಿಸುತ್ತಿದ್ದ ಧರ್ಮಾಂಬುಧಿ ಕೆರೆ ಇಂದು ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೊಳವೆಯನ್ನು ತಂದವರು ಕೆರೆಯನ್ನು ಮುಚ್ಚಿ ಎಂದು ಹೇಳಿರಲಿಲ್ಲ. ಆದರೆ ಹೊಸ ಅನುಕೂಲವೊಂದು ಬಂದಾಗ ಅದು ಹಳೆಯದರ ಪಕ್ಕದಲ್ಲಿ ಸುಮ್ಮನೆ ಕೂರುವುದಿಲ್ಲ, ಹಳೆಯದನ್ನು ನೋಡಿಕೊಳ್ಳುತ್ತಿದ್ದ ಜನರನ್ನೂ ಜ್ಞಾನವನ್ನೂ ಸದ್ದಿಲ್ಲದೆ ಕರಗಿಸುತ್ತದೆ. ಮೊದಲು ನಲ್ಲಿ ಒಂದು ಸೌಲಭ್ಯ, ಆಮೇಲೆ ಅದೇ ಏಕೈಕ ದಾರಿ. ಅರ್ಕಾವತಿಯ ಹರಿವು ಕುಗ್ಗಿ ಹೆಸರಘಟ್ಟವೂ ನಗರಕ್ಕೆ ನೀರು ಕೊಡುವುದನ್ನು ನಿಲ್ಲಿಸಿ ದಶಕಗಳೇ ಸಂದಿವೆ. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ನಲ್ಲಿ ಇದ್ದಲ್ಲೇ ಇತ್ತು, ಅದರ ಬಾಲ ಮಾತ್ರ ಉದ್ದವಾಗುತ್ತ ಹೋಯಿತು.

ಈ ಬಾಲದ ತೂಕವನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಹತ್ತನೆಯ ತರಗತಿಯ ಭೌತಶಾಸ್ತ್ರ ಸಾಕು. ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹಂತಹಂತವಾಗಿ ಒಟ್ಟು ಸುಮಾರು 500 ಮೀಟರ್ ಮೇಲಕ್ಕೆ ಏರಿ ಬೆಂಗಳೂರಿಗೆ ಬರುತ್ತದೆ. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು, ಯಾವ ನಷ್ಟವೂ ಇಲ್ಲದಿದ್ದರೆ, 1.36 ಯೂನಿಟ್ ವಿದ್ಯುತ್ ಬೇಕು. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ, ನಾಲ್ವರ ಮನೆಗೆ 540 ಲೀಟರ್. ಅದನ್ನು ಎತ್ತಲು ಮುಕ್ಕಾಲು ಯೂನಿಟ್, ಪಂಪು ಮತ್ತು ಕೊಳವೆಯ ನಷ್ಟ ಸೇರಿದರೆ ಒಂದು ಯೂನಿಟ್ ದಾಟುತ್ತದೆ. ಗಟ್ಟಿಮುಟ್ಟಾದ ಆಳೊಬ್ಬ ಬೆಳಗಿನಿಂದ ಸಂಜೆಯವರೆಗೆ ಮೈಮುರಿದು ದುಡಿದರೆ ಆಗುವ ಕೆಲಸ ಸುಮಾರು ಅರ್ಧ ಯೂನಿಟ್ಟಿಗೆ ಸಮ. ಅಂದರೆ ಬೆಂಗಳೂರಿನ ಪ್ರತಿಯೊಂದು ಮನೆಯ ನಲ್ಲಿಯ ಹಿಂದೆಯೂ ಕಣ್ಣಿಗೆ ಕಾಣದ ಇಬ್ಬರು ಆಳುಗಳು ದಿನವಿಡೀ ಹಗ್ಗ ಎಳೆಯುತ್ತಿದ್ದಾರೆ. ಅಷ್ಟೇ ನೀರನ್ನು ಹತ್ತು ಮೀಟರ್ ಆಳದ ಬಾವಿಯಿಂದ ಸೇದಿದ್ದರೆ ಬೇಕಾಗುತ್ತಿದ್ದದ್ದು ಅದರ ಐವತ್ತರಲ್ಲಿ ಒಂದು ಪಾಲು. ಹದಿನೈದು ವ್ಯಾಟಿನ ಬಲ್ಬು ಒಂದು ಗಂಟೆ ಉರಿಯುವಷ್ಟು.

ಹಾಗಾದರೆ ನಲ್ಲಿ ಶ್ರಮವನ್ನು ಇಲ್ಲವಾಗಿಸಲಿಲ್ಲ. ಐವತ್ತು ಪಟ್ಟು ಹೆಚ್ಚಿಸಿ, ಕಣ್ಣಿಗೆ ಕಾಣದ ಕಡೆಗೆ ಸಾಗಿಸಿತು.

ಕಾಣದ ಕಡೆ ಎಂದರೆ ಎಲ್ಲಿ? ಪಂಪುಗಳನ್ನು ತಿರುಗಿಸುವ ವಿದ್ಯುತ್ತಿನ ಒಂದು ಭಾಗ ಹುಟ್ಟುವುದು ಶರಾವತಿಯಲ್ಲಿ, 1,035 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರದಲ್ಲಿ. ಅದಕ್ಕೆ ನೀರು ಕೊಡುವ ಲಿಂಗನಮಕ್ಕಿ 1964ರಲ್ಲಿ ಪೂರ್ಣಗೊಂಡಾಗ ಯಾರ ಗದ್ದೆ, ಯಾರ ಮನೆ, ಯಾರ ದೇವಸ್ಥಾನ ಮುಳುಗಿದವೆಂದು ಈ ಸಭೆಯಲ್ಲಿ ಕುಳಿತ ಹಲವರಿಗೆ ಅಜ್ಜ ಅಜ್ಜಿಯರ ಬಾಯಿಂದಲೇ ಗೊತ್ತು. ಮುಳುಗಡೆಯ ಸಂತ್ರಸ್ತರಲ್ಲಿ ಅನೇಕರು ಇಂದಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. 2019ರಲ್ಲಿ ಲಿಂಗನಮಕ್ಕಿಯ ನೀರನ್ನೇ ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂತು. ಸಾಗರದಲ್ಲಿ ಹಿರಿಯ ಲೇಖಕ ನಾ. ಡಿಸೋಜರಂಥವರು ಮುಂದೆ ನಿಂತರು, ಆ ವರ್ಷದ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಡಿಸೋಜರು 2025ರ ಜನವರಿಯಲ್ಲಿ ತೀರಿಕೊಂಡರು. ನಗರದ ಒಂದು ನಲ್ಲಿಯನ್ನು ಹಿಡಿದು ಎಳೆದರೆ ಅದರ ಬೇರು ಮಲೆನಾಡಿನ ಕಣಿವೆಯಲ್ಲಿ ಅಲುಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮತ್ತೆ ಸಿಂಗಾಪುರದ ಕಡೆಗೆ. ಕಾವೇರಿ ಬಾರದ ಅಂಚಿನ ಬಡಾವಣೆಗಳು ಇಷ್ಟು ವರ್ಷ ಏನು ಮಾಡಿದವು? ಕೊಳವೆಬಾವಿ ಕೊರೆದವು. ತೆರೆದ ಬಾವಿ ಮೇಲಿನ ಮಣ್ಣಿನ ಪದರದ ನೀರನ್ನು ಕುಡಿದರೆ, ಕೊಳವೆಬಾವಿ ಬಂಡೆಯ ಬಿರುಕಿನೊಳಗಿನ ಹಳೆಯ ನೀರನ್ನು ಹೀರುತ್ತದೆ. ಮೊದಲು ಮುನ್ನೂರು ಅಡಿ, ಬಳಿಕ ಆರುನೂರು, ಈಗ ಸಾವಿರ ಅಡಿ ಮೀರಿದರೂ ಬರಿಯ ದೂಳು ಬರುವುದುಂಟು. ಬಾವಿಯಲ್ಲಿ ನೀರು ಇಳಿದರೆ ಸೇದುವವಳ ತೋಳಿಗೆ ಅದೇ ದಿನ ತಿಳಿಯುತ್ತಿತ್ತು, ಹಗ್ಗ ಎರಡು ಮೊಳ ಉದ್ದ ಬೇಕಾಗುತ್ತಿತ್ತು. ಕೊಳವೆಬಾವಿಯ ಗುಂಡಿ ಒತ್ತುವವರಿಗೆ ಏನೂ ತಿಳಿಯುವುದಿಲ್ಲ, ಮೋಟಾರು ಸುಟ್ಟುಹೋದ ದಿನವೇ ಸುದ್ದಿ. ಆಳದ ನೀರು ಗಡಸು, ಆದ್ದರಿಂದ ಮನೆಮನೆಗೂ ಶುದ್ಧೀಕರಣ ಯಂತ್ರ. ಆ ಯಂತ್ರ ಒಂದು ಲೀಟರ್ ಕುಡಿಯುವ ನೀರಿಗೆ ಸಾಮಾನ್ಯವಾಗಿ ಎರಡು ಮೂರು ಲೀಟರನ್ನು ಚರಂಡಿಗೆ ಬಿಡುತ್ತದೆ. ಒಂದು ಅನುಕೂಲದ ತೊಂದರೆಯನ್ನು ಸರಿಪಡಿಸಲು ಇನ್ನೊಂದು ಅನುಕೂಲವನ್ನು ಕೊಳ್ಳಬೇಕಾಗುತ್ತದೆ.

2024ರ ಮಾರ್ಚ್ ತಿಂಗಳು ಬಂತು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಬೆಂಗಳೂರಿನ ಸುಮಾರು ಹದಿನಾಲ್ಕು ಸಾವಿರ ಸಾರ್ವಜನಿಕ ಕೊಳವೆಬಾವಿಗಳಲ್ಲಿ ಆರೂಮುಕ್ಕಾಲು ಸಾವಿರಕ್ಕಿಂತ ಹೆಚ್ಚು ಬತ್ತಿವೆಯೆಂದು ಸರ್ಕಾರವೇ ಹೇಳಿತು. ಕಾರು ತೊಳೆಯಲು, ತೋಟಕ್ಕೆ ಹಾಯಿಸಲು ಕುಡಿಯುವ ನೀರು ಬಳಸಿದರೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಟ್ಯಾಂಕರಿನವರು ಮನಬಂದ ದರ ಕೇಳತೊಡಗಿದಾಗ ಜಿಲ್ಲಾಡಳಿತ ಬೆಲೆ ಕಟ್ಟಬೇಕಾಯಿತು: ಐದು ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ಅಂಚಿನ ಬಡಾವಣೆಗಳಲ್ಲಿ ಜನ ಟ್ಯಾಂಕರಿಗೆ ಫೋನು ಮಾಡಿ ಮಾಡಿ ಸೋತರು, ಬಕೆಟ್ಟು ಬಿಂದಿಗೆಗಳನ್ನು ಸಾಲಾಗಿ ಇಟ್ಟರು, ಊರಿರುವವರು ಊರಿಗೆ ಹೊರಟರು. ಬಾವಿಕಟ್ಟೆಯ ಕಾಯುವಿಕೆ ಹೋಯಿತೆಂದು ಯಾರು ಸಮಾಧಾನಪಟ್ಟಿದ್ದರೋ ಅವರೇ ಟ್ಯಾಂಕರಿನ ಹಾರ್ನಿಗಾಗಿ ಕಿವಿ ಚಾಚಿ ಕೂತಿದ್ದರು. ಬಾವಿಯ ಬಳಿ ಕಾಯುವುದಕ್ಕೆ ಒಂದು ಹೊತ್ತಿತ್ತು. ಇದಕ್ಕೆ ಹೊತ್ತೂ ಇಲ್ಲ, ಭರವಸೆಯೂ ಇಲ್ಲ.

ಅದೇ ವರ್ಷದ ಅಕ್ಟೋಬರ್ 16ರಂದು ಕಾವೇರಿ ಐದನೆಯ ಹಂತ ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ನೀರು, ಮುಖ್ಯವಾಗಿ ಆ 110 ಹಳ್ಳಿಗಳಿಗಾಗಿ. ಟ್ಯಾಂಕರಿನಿಂದ ಬೇಸತ್ತವರಿಗೆ ಇದು ಸಂತೋಷದ ಸುದ್ದಿ, ಆ ಸಂತೋಷವನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಈ ಹಗ್ಗವೂ 500 ಮೀಟರಿನದೇ.

ಯಂತ್ರವು ಸಮಯ ಉಳಿಸುತ್ತದೆಂಬ ನಂಬಿಕೆಯನ್ನು ಬೇರೆ ದೇಶಗಳಲ್ಲಿಯೂ ಲೆಕ್ಕ ಹಾಕಿ ನೋಡಿದವರಿದ್ದಾರೆ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತೋರಿಸಿದ್ದೇನೆಂದರೆ, ಬಟ್ಟೆ ತೊಳೆಯುವ ಯಂತ್ರ, ಒಲೆ, ನಲ್ಲಿಗಳು ಬಂದ ಮೇಲೆ ಗಂಡಸರ, ಮಕ್ಕಳ, ಆಳುಗಳ ಮನೆಗೆಲಸ ಇಳಿಯಿತು. ಗೃಹಿಣಿಯ ಗಂಟೆಗಳು ಮಾತ್ರ ಅಷ್ಟಾಗಿ ಇಳಿಯಲಿಲ್ಲ. ವಾರಕ್ಕೊಮ್ಮೆ ಒಗೆಯುತ್ತಿದ್ದ ಬಟ್ಟೆ ದಿನವೂ ಒಗೆಯುವಂತಾಯಿತು. ಇವಾನ್ ಇಲ್ಲಿಚ್ ಎಂಬ ಚಿಂತಕ 1970ರ ದಶಕದಲ್ಲಿ ಕಾರಿನ ಲೆಕ್ಕ ಹಾಕಿದ. ಓಡಿಸುವ ಹೊತ್ತಿನ ಜೊತೆಗೆ ಅದರ ಸಾಲ, ಇಂಧನ, ವಿಮೆಗಾಗಿ ದುಡಿಯುವ ಹೊತ್ತನ್ನೂ ಕೂಡಿಸಿದರೆ ಅಮೆರಿಕನ್ನನ ವೇಗ ಗಂಟೆಗೆ ಎಂಟು ಕಿಲೋಮೀಟರನ್ನೂ ಮುಟ್ಟಲಿಲ್ಲ. ಬೆಳಗಿನ ಒಂಬತ್ತು ಗಂಟೆಗೆ ಹೆಬ್ಬಾಳದ ಮೇಲ್ಸೇತುವೆಯ ಬಳಿ ನಿಂತವರಿಗೆ ಈ ಲೆಕ್ಕವನ್ನು ವಿವರಿಸುವ ಅಗತ್ಯ ಬೀಳದು.

ಮಲೆನಾಡಿನ ಉದಾಹರಣೆಗಳು ಇಷ್ಟು ನೇರವಲ್ಲ, ಆದ್ದರಿಂದಲೇ ಅವು ಹೆಚ್ಚು ಉಪಯುಕ್ತ. ಅಡಿಕೆ ಸುಲಿಯುವ ಯಂತ್ರವನ್ನು ನೋಡಬಹುದು. ಹಿಂದೆ ಸುಗ್ಗಿಯ ರಾತ್ರಿಗಳಲ್ಲಿ ಸಾಲಾಗಿ ಕುಳಿತು ಮೆಟ್ಟುಗತ್ತಿಯ ಮೇಲೆ ಸುಲಿಯುತ್ತಿದ್ದರು. ಯಂತ್ರ ಬಂದಾಗ ಆಳು ಸಿಗದೆ ಕಂಗೆಟ್ಟಿದ್ದ ತೋಟದವರಿಗೆ ಉಸಿರು ಬಂತು. ಅದು ಕೆಟ್ಟರೆ ಹತ್ತಿರದ ಪೇಟೆಯಲ್ಲೇ ರಿಪೇರಿಯಾಗುತ್ತದೆ. ಆದರೆ ಸುಲಿದು ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದ ಕೂಲಿ ಹೆಂಗಸರ ಸುಗ್ಗಿ ಕಿರಿದಾಯಿತು. ಯಂತ್ರ ಅನುಕೂಲವೇ ಎಂದು ತೋಟದ ಯಜಮಾನರನ್ನು ಕೇಳಿದರೆ ಒಂದು ಉತ್ತರ, ಅವರನ್ನು ಕೇಳಿದರೆ ಇನ್ನೊಂದು. ಈಚೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯ ಮಾತು ಬೇರೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಔಷಧ ಸಿಂಪಡಿಸಬಹುದು. ಮಳೆಗಾಲದಲ್ಲಿ ಪಾಚಿ ಹಿಡಿದ ಮರವನ್ನೇರಿ ಬಿದ್ದು ಸೊಂಟ ಮುರಿದುಕೊಂಡ ಕೊನೆಗೌಡರ ಮನೆಗಳನ್ನು ಕಂಡವರು ಈ ದೋಟಿಯ ವಿರುದ್ಧ ಮಾತಾಡಲಾರರು.

ಇನ್ನು ಅಬ್ಬಿ ನೀರು. ಗುಡ್ಡದ ಒರತೆಯಿಂದ ಅಡಿಕೆ ದಬ್ಬೆಗಳನ್ನು ಜೋಡಿಸಿ ಅಂಗಳಕ್ಕೆ ನೀರು ತಂದ ಮನೆಗಳಲ್ಲಿ ಹಗ್ಗವೂ ಇರಲಿಲ್ಲ, ಮೋಟಾರೂ ಇರಲಿಲ್ಲ, ಹಗಲು ರಾತ್ರಿ ನೀರು ಬೀಳುತ್ತಿತ್ತು. ದಬ್ಬೆ ಎರಡು ಮೂರು ವರ್ಷಕ್ಕೆ ಕುಂಬಾಗುತ್ತಿತ್ತು, ಎಲೆ ಸಿಕ್ಕಿಕೊಂಡರೆ ಮಳೆಯಲ್ಲಿ ಗುಡ್ಡ ಹತ್ತಬೇಕಿತ್ತು. ಅದರ ಜಾಗದಲ್ಲಿ ಕಪ್ಪು ಪ್ಲಾಸ್ಟಿಕ್ ಪೈಪು ಬಂದಾಗ ಪದ್ಧತಿ ಉಳಿಯಿತು, ತೊಂದರೆ ಕಳೆಯಿತು. ಆದರೆ ಒರತೆಯ ಮೇಲಿನ ಕಾಡು ಹೋದ ಊರುಗಳಲ್ಲಿ ಏಪ್ರಿಲ್ ಬರುವಾಗ ಪೈಪಿನಲ್ಲಿ ಗಾಳಿ ಮಾತ್ರ. ಅಲ್ಲೀಗ ಕೊಳವೆಬಾವಿ ಕೊರೆಯುವ ಲಾರಿಗಳು ಘಟ್ಟ ಹತ್ತುತ್ತಿವೆ. ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ ಬೀಳುವ ಸೀಮೆ, 800ರಿಂದ 900 ಮಿಲಿಮೀಟರಿನ ಸಿಂಗಾಪುರ ನಡೆದ ದಾರಿಯನ್ನೇ ಹಿಡಿಯುತ್ತಿದೆ. ಶಿಬಿರ ಇಲ್ಲಿ ನಡೆಯುತ್ತಿರುವುದಕ್ಕೆ ಇದೂ ಒಂದು ಕಾರಣ.

ಹೊಸ ತಂತ್ರಜ್ಞಾನ ಹೀಗೆಯೇ ಇರಬೇಕೆಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಆರಂಭಿಸಿದರು. ಮಲೆನಾಡಿನ ಅಡುಗೆಮನೆಗಳಿಗೂ ಬಂದ ಅಸ್ತ್ರ ಒಲೆ ಅಲ್ಲಿಯದೇ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಅವರ ತಂಡ ಮೊದಲು ಮಾಡಿದ್ದು ಯಂತ್ರ ಇಡುವುದನ್ನಲ್ಲ, ಎಣಿಸುವುದನ್ನು: ಸೌದೆಗೆ ಯಾರು ಎಷ್ಟು ದೂರ ನಡೆಯುತ್ತಾರೆ, ನೀರಿಗೆ ಎಷ್ಟು ಹೊತ್ತು, ಹೆಂಗಸರಿಗೆ ಎಷ್ಟು, ಮಕ್ಕಳಿಗೆ ಎಷ್ಟು. ಸಗಣಿ ಅನಿಲದಿಂದ ಊರಿಗೆಲ್ಲ ಅಡುಗೆ ಮಾಡಿಸಬೇಕೆಂಬ ಮೊದಲ ಯೋಚನೆ ಫಲಿಸಲಿಲ್ಲ, ಸಗಣಿ ಸಾಲಲಿಲ್ಲ. ಕೊನೆಗೆ 1987ರಿಂದ ಆ ಅನಿಲ ಬಳಸಿ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೆ ಹಾಯಿಸಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ಗೊಬ್ಬರ ಮರಳಿ ಸಿಗುತ್ತಿತ್ತು, ತಂದುಕೊಟ್ಟ ಕೆಲಸಕ್ಕೆ ಕಾಸು ಸಿಗುತ್ತಿತ್ತು. ನಡೆಸುತ್ತಿದ್ದವರು ಊರಿನ ಹುಡುಗರೇ. ಅದು ಶಾಶ್ವತವಾಗಿ ನಡೆಯಲಿಲ್ಲ, ನಿಜ. ಆದರೆ ನಡೆದಷ್ಟು ಕಾಲ ಪುರದ ಹೆಂಗಸಿನ ಸೊಂಟದಿಂದ ಕೊಡ ಇಳಿದಿತ್ತು, ಅದನ್ನು ಇಳಿಸಲು ಬೇರೊಂದು ಕಣಿವೆಯನ್ನು ಮುಳುಗಿಸಿರಲಿಲ್ಲ.

ಉತ್ತರ ಬೆಂಗಳೂರಿನಲ್ಲಿಯೇ, ಯಲಹಂಕದ ಆಚೆ ಬದಿಯ ಜಕ್ಕೂರು ಕೆರೆಯಲ್ಲಿ ಇಂಥದೇ ಇನ್ನೊಂದು ಪ್ರಯೋಗ ಕಾಣುತ್ತದೆ. ಅಲ್ಲಿ ನಗರದ ಕೊಳಚೆ ನೀರನ್ನು ಶುದ್ಧೀಕರಣ ಘಟಕದಲ್ಲಿ ಸೋಸಿ, ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುತ್ತಾರೆ. ಕೆರೆ ಬೇಸಿಗೆಯಲ್ಲೂ ತುಂಬಿರುತ್ತದೆ, ಸುತ್ತಲಿನ ತೆರೆದ ಬಾವಿಗಳಲ್ಲಿ ನೀರು ಮೇಲೆಯೇ ಇದೆ. ಕಡಲಾಚೆಯ ಆ ಇನ್ನೊಂದು ಸಿಂಗಾಪುರವೂ 2003ರಿಂದ ಬಳಸಿದ ನೀರನ್ನೇ ಶುದ್ಧಗೊಳಿಸಿ ಬಳಸುತ್ತಿದೆ. ಬಾವಿ ತೋಡುವ ಮಣ್ಣು ವಡ್ಡರ ಕುಟುಂಬಗಳಿಗೆ ಬೆಂಗಳೂರಿನಲ್ಲಿ ಈಗ ಮತ್ತೆ ಕೆಲಸ ಸಿಗತೊಡಗಿದೆ. ಚಾವಣಿಯ ಮಳೆನೀರನ್ನು ಇಂಗಿಸುವ ಬಾವಿ ತೋಡಿಸಲು ಮನೆಯವರು ಅವರನ್ನು ಹುಡುಕಿಕೊಂಡು ಬರುತ್ತಿದ್ದಾರೆ. ನೆಲದ ಯಾವ ಪದರ ನೀರು ಹಿಡಿಯುತ್ತದೆಂಬುದು ಅವರ ಗುದ್ದಲಿಗೆ ಗೊತ್ತು.

ಸಿಂಗಾಪುರದ ಕೆರೆಯ ಕೆಳಗೆ ಹತ್ತು ಮೀಟರಿನಲ್ಲಿ ನೀರು ನಿಂತರೆ, ಅದನ್ನು ಯಾರೂ ಕೈಯಿಂದ ಸೇದಬೇಕಾಗಿಲ್ಲ. ಅರ್ಧ ಅಶ್ವಶಕ್ತಿಯ ಮೋಟಾರು ದಿನಕ್ಕೆ ಹತ್ತಿಪ್ಪತ್ತು ನಿಮಿಷ ಓಡಿದರೆ ಒಂದು ಮನೆಯ ಬಳಕೆಯ ನೀರು ತೊಟ್ಟಿಗೆ ಏರುತ್ತದೆ, ನಲ್ಲಿ ಅಡುಗೆಮನೆಯಲ್ಲೇ ಇರುತ್ತದೆ. ಕಾವೇರಿಯಿಂದ ತರಬೇಕಾದ ಪಾಲು ಆಗ ಎಷ್ಟು ಉಳಿಯುತ್ತದೆ, ಅದಕ್ಕೆ ಶರಾವತಿಯ ವಿದ್ಯುತ್ತು ಎಷ್ಟು ಬೇಕು ಎಂಬ ಲೆಕ್ಕವನ್ನು ಶಿಬಿರದ ವಿದ್ಯಾರ್ಥಿಗಳು ನಾಳೆಯ ಗುಂಪು ಚರ್ಚೆಗೆ ಮಾಡಿಕೊಂಡು ಬರಬೇಕು. ಜೊತೆಗೆ ತಮ್ಮ ಮನೆಯ ಒರತೆ ಅಥವಾ ಬಾವಿಯ ಆಳವನ್ನು ಅಳೆದು, ಅಜ್ಜಿಯ ಕಾಲದಲ್ಲಿ ಹಗ್ಗ ಎಷ್ಟು ಮಾರು ಇತ್ತೆಂದು ಕೇಳಿ ಬರೆದುಕೊಂಡು ಬಂದರೆ ಇನ್ನೂ ಒಳ್ಳೆಯದು.